ಬಾಣಂತಿಯ ಡಬ್ಬಿ

ಸಿಂದಗಿಯ ನಮ್ಮ ಮನೆಯ ಅಡಿಗೆಮನೆಯಲ್ಲಿ, ಕೈಗೆಟುಕದಷ್ಟು ಎತ್ತರದಲ್ಲಿ, ಒಂದು ಹಿತ್ತಾಳೆಯ ಡಬ್ಬಿ ಇದ್ದಿತು. ವರುಷದಲ್ಲಿ ಬಹುಕಾಲ ಅದು ಬರಿದೇ. ಅಕ್ಕ ಹೆರಿಗೆಗೆ ತವರಿಗೆ ಬಂದಾಗ ಮಾತ್ರ ಅಂಟಿನುಂಡಿಯಿಂದ ತುಂಬುವುದು. ತುಪ್ಪದಲ್ಲಿ ಅರಳಿಸಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ—ಇವುಗಳ ಪರಿಮಳಕ್ಕೆ ಸೋತು ನಾವು ಹುಡುಗರು ಅತ್ತ ಸುಳಿದರೆ ಅವ್ವ, “ಅದು ಬಾಣಂತೀದೈತಿ, ಕೈ ಹಚ್ಚಬ್ಯಾಡ್ರಿ” ಎಂದು ಗದರುವಳು. ಅವಳ ಕೈ ಕೂಡ ತನಗಾಗಿ ಆ ಡಬ್ಬಿಗೆ ಹೋದುದನ್ನು ನಾನು ಕಾಣೆ.

ಅದೇ ಅವ್ವ ಅರವತ್ತು ದಾಟಿದ ಮೇಲೆ ಬಚ್ಚಲ ಹತ್ತಿರ ಜಾರಿ ಮುಂಗೈ ಮುರಿದುಕೊಂಡಳು. ಬಿದ್ದ ಪೆಟ್ಟು ದೊಡ್ಡದಲ್ಲ, ಎಲುಬೇ ಸವೆದಿದೆ ಎಂದರು ಡಾಕ್ಟರರು. ಬಾಣಂತಿಗೆ ಬೇಕಾದುದನ್ನು ಅಷ್ಟು ಚೆನ್ನಾಗಿ ಬಲ್ಲ ಮನೆ, ಹೆಣ್ಣಿನ ಉಳಿದ ವಯಸ್ಸುಗಳನ್ನು ಹೇಗೆ ಮರೆತಿತು? ಈ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಹತ್ತಿದೆ.

ನಮ್ಮದು ಭೀಮೆಯ ದಂಡೆಯ ಎರಿಹೊಲಗಳ ನಾಡು. ಹಿಂಗಾರಿಯ ಬಿಳಿಜೋಳವೇ ಇಲ್ಲಿ ಅನ್ನ. 1876-78ರ ಬರದಲ್ಲಿ ಅದೂ ಕೈಕೊಟ್ಟಿತು. ಆಗ ಈ ಜಿಲ್ಲೆಗೆ ಕಲಾದಗಿಯ ಹೆಸರು. 1872ರಲ್ಲಿ ಎಂಟು ಲಕ್ಷದ ಮೇಲಿದ್ದ ಜನಸಂಖ್ಯೆ 1881ರ ಖಾನೇಶುಮಾರಿಯಲ್ಲಿ ಆರೂವರೆ ಲಕ್ಷಕ್ಕೂ ಕೆಳಗಿಳಿದಿತ್ತು. ಬರಗಾಲದ ಕಾಮಗಾರಿಯಲ್ಲಿ ಕಲ್ಲೊಡೆಯುವವರಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಮು, ಧಾನ್ಯದ ಬೆಲೆಯೂ ಮೇಲೊಂದಿಷ್ಟು ಪುಡಿಗಾಸೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದು ಸಾಲದೆಂದು ಕಟುವಾಗಿ ವಾದಿಸಿದ. ವಾದವೇನೋ ದೊಡ್ಡದು, ಆದರೆ ಕಾಳಿನ ತೂಕದಾಚೆಗೆ ಊಟದಲ್ಲಿ ಕಣ್ಣಿಗೆ ಕಾಣದ ಬೇರೇನೋ ಇದೆ ಎಂಬ ತಿಳಿವು ಆಗಿನ್ನೂ ಹುಟ್ಟಿರಲಿಲ್ಲ. ಜೀವಸತ್ವವೆಂಬ ಹೆಸರು ಬಂದುದೇ 1912ರಲ್ಲಿ.

ಆ ತಿಳಿವು ನಮ್ಮ ದೇಶದಲ್ಲಿ ಬೇರೂರಿದ್ದು ನೀಲಗಿರಿಯ ಕೂನೂರಿನಲ್ಲಿ. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅಲ್ಲಿ ಬೆರಿಬೆರಿ ರೋಗದ ಶೋಧಕ್ಕೆಂದು ತೆರೆದ ಒಂದು ಸಣ್ಣ ಪ್ರಯೋಗಾಲಯವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ.

ಆದರೆ ನನ್ನ ಪ್ರಶ್ನೆಗೆ ಹತ್ತಿರ ಬಂದವಳು ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ. 1928ರಲ್ಲಿ ಮುಂಬಯಿಗೆ ಬಂದು, ಬಡ ಗರ್ಭಿಣಿಯರು ರಕ್ತ ಬತ್ತಿ ಸಾಯುವುದೇಕೆಂದು ಹುಡುಕಿದಳು. ಅವರ ತಟ್ಟೆಯಲ್ಲಿ ಏನಿಲ್ಲವೆಂದು ನೋಡಿದಳು. ಕಡೆಗೆ, ಮಾರ್ಮೈಟ್ ಎಂಬ ಅಗ್ಗದ ಯೀಸ್ಟಿನ ರಸ ಅವರಲ್ಲಿ ರಕ್ತ ತುಂಬಿಸುತ್ತದೆ ಎಂಬುದನ್ನು 1931ರಲ್ಲಿ ಪ್ರಕಟಿಸಿದಳು. ಅದರೊಳಗಿನ ವಸ್ತು ಯಾವುದೆಂದು ಅವಳಿಗೂ ತಿಳಿಯದು. 1941ರಲ್ಲಿ ಪಾಲಕದ ಎಲೆಯಿಂದ ಬೇರ್ಪಡಿಸಿದವರು ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಇಂದು ಗರ್ಭಿಣಿಯರು ನುಂಗುವ ಕಬ್ಬಿಣದ ಗುಳಿಗೆಯಲ್ಲಿ ಅದೂ ಸೇರಿದೆ. 1970ರಿಂದ ಸರಕಾರವೇ ಇದನ್ನು ಹಂಚುತ್ತಿದೆ.

ಜೋಳದವರಾದ ನಮಗೆ ಇನ್ನೊಂದು ಸಂಗತಿಯುಂಟು. ದಖ್ಖಣದಲ್ಲಿ ಜೋಳವನ್ನೇ ನೆಚ್ಚಿದ ಬಡಕೂಲಿಗಳಿಗೆ ಪೆಲ್ಲಾಗ್ರ ಎಂಬ ರೋಗ ಬರುತ್ತಿದ್ದಿತು. ಬಿಸಿಲಿಗೆ ಬಿದ್ದ ಕುತ್ತಿಗೆ, ಮುಂಗೈಗಳ ಚರ್ಮ ಕಪ್ಪಗಾಗಿ ಸುಲಿಯುವುದು, ಹೊಟ್ಟೆ ಕೆಡುವುದು, ಬುದ್ಧಿ ಮಂಕಾಗುವುದು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶವೇ ಇದಕ್ಕೆ ಕಾರಣವಿರಬೇಕೆಂದು ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ವಾದ ಹೂಡಿದರು. ಆಮೇಲೆ ಎಲ್ಲರೂ ಇದನ್ನು ಒಪ್ಪಲಿಲ್ಲ. ಜೋಳದ ಅಭಿಮಾನಿಯಾದ ನನಗೂ ಅದರ ಮೇಲೆ ತಪ್ಪು ಹೊರಿಸಲು ಮನಸ್ಸಿಲ್ಲ. ರೊಟ್ಟಿಯ ಜೊತೆಗೆ ಬೇಳೆ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಒಂದು ಬಟ್ಟಲು ಮೊಸರು ಬಿದ್ದ ತಟ್ಟೆಗೆ ಆ ರೋಗ ಸುಳಿಯಲಾರದು. ಬರಿ ರೊಟ್ಟಿ, ಖಾರದ ತಟ್ಟೆಯದೇ ಚಿಂತೆ. ಅಂಥ ತಟ್ಟೆ ಕೊನೆಗೆ ಉಣ್ಣುವವರದು.

ಇದನ್ನು ಬರೆಯುವ ಮುನ್ನ, ಹೈದರಾಬಾದಿನ ಆ ಸಂಸ್ಥೆ 2020ರಲ್ಲಿ ಗೊತ್ತುಪಡಿಸಿದ ಅಂಕಿಗಳನ್ನು ಅವ್ವನ ಆಯುಷ್ಯದ ಪಕ್ಕದಲ್ಲಿಟ್ಟು ನೋಡಿದೆ. ಹೊಲದಲ್ಲಿ ಅಪ್ಪನ ಸರಿಸಮ ಕಳೆ ತೆಗೆದ ಪ್ರಾಯದಲ್ಲಿ ಅಪ್ಪನಿಗೆ ದಿನಕ್ಕೆ 19 ಮಿಲಿಗ್ರಾಮು ಕಬ್ಬಿಣ ಸಾಕು, ಅವಳಿಗೆ 29 ಬೇಕು. ತಿಂಗಳು ತಿಂಗಳು ಹರಿದುಹೋಗುವ ರಕ್ತದ ಬಾಬತ್ತು ಅದು. ಬಸುರಿಯಾದಾಗ ಫೋಲೇಟು 220 ಮೈಕ್ರೋಗ್ರಾಮಿನಿಂದ 570ಕ್ಕೆ ಏರುತ್ತದೆ. ಹಾಲೂಡಿಸುವಾಗ ಸುಣ್ಣದ ಅಂಶ 1000 ಮಿಲಿಗ್ರಾಮಿನಿಂದ 1200ಕ್ಕೆ. ಇಲ್ಲಿಯವರೆಗೆ ನಮ್ಮ ಹಳಬರ ಜಾಣತನ ಸರಿಹೊಂದುತ್ತದೆ: ಬಾಣಂತಿಗೆ ಕಬ್ಬಿಣವುಳ್ಳ ಅಳವಿಯ ಪಾಯಸ, ಸುಣ್ಣವುಳ್ಳ ಗಸಗಸೆ, ಊಟದ ಮೇಲೆ ಸುಣ್ಣ ಹಚ್ಚಿದ ಎಲೆ. (ಕಾಯಿಪಲ್ಯ ತಣಸೆಂದು ಬಿಡಿಸಿದುದು ಮಾತ್ರ ಜಾಣತನವಲ್ಲ.) ಆದರೆ ಮುಟ್ಟು ನಿಂತ ಮೇಲೆ ಕಬ್ಬಿಣದ ಬೇಡಿಕೆ ತಗ್ಗಿದರೂ ಸುಣ್ಣದ್ದು ಮತ್ತೆ ಅದೇ 1200. ಮುಪ್ಪಿನ ಆ ಹೆಣ್ಣಿಗೂ ಬಾಣಂತಿಗೂ ಒಂದೇ ಲೆಕ್ಕ! ಡಬ್ಬಿ ಮಾತ್ರ ಅವಳಿಗಾಗಿ ಇಳಿಯುವುದಿಲ್ಲ.

ಕಳೆದ ಸಲ ಊರಿಗೆ ಹೋದಾಗ ನಾನು ಇದನ್ನೆಲ್ಲ ಅವ್ವನಿಗೆ ಒಪ್ಪಿಸಿದೆ. ರಾಜಗಿರಿ ಪಲ್ಯಕ್ಕೆ ಲಿಂಬಿಹಣ್ಣು ಹಿಂಡಿಕೋ, ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿಯಬೇಡ, ಹತ್ತಿದ್ದನ್ನು ಅದು ಕೆಡಿಸುತ್ತದೆ ಎಂದೆಲ್ಲ ಉಪದೇಶಿಸಿದೆ. ಅವಳು ನಕ್ಕು, “ನಂದೇನ್ ಬಿಡೊ ತಮ್ಮಾ, ಎಲ್ಲಾರ್ದೂ ಆದಮ್ಯಾಲ ಉಳದದ್ದು ಉಣ್ಣಾಕಿ” ಎಂದಳು. ನಾನು ಪೇಟೆಗೆ ಹೋಗಿ ಉತ್ತತ್ತಿ, ಗಸಗಸೆ, ಅಂಟು ತಂದು ಅವಳ ಮುಂದಿಟ್ಟೆ. ಮುಂಗೈ ಇನ್ನೂ ಪೂರ್ತಿ ಮಡಚದು. ಅಂದರೂ ತಾನೇ ಕುಳಿತು ಉಂಡಿ ಕಟ್ಟಿದಳು. ಕಟ್ಟಿ ಮುಗಿದ ಮೇಲೆ ಮೊದಲನೆಯದನ್ನು ನನ್ನ ಕೈಗೆ ಕೊಟ್ಟಳು.