ವರ್ಚಸ್ಸು: ಹಾಸನ ಸೀಮೆಯಲ್ಲಿ ಒಂದು ಪದದ ಹಾದಿ

ಅಧಿಕಾರದ ಬಲವಿಲ್ಲದೆಯೂ ಜನ ಒಬ್ಬನ ಮಾತಿಗೆ ತಾವಾಗಿಯೇ ಓಗೊಡುವಂತೆ ಮಾಡುವ ಶಕ್ತಿಯನ್ನು ಕನ್ನಡ ಪತ್ರಿಕೆಗಳು ‘ವರ್ಚಸ್ಸು’ ಎನ್ನುತ್ತವೆ. ಹೊಳೆಯುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ ಈ ಸಂಸ್ಕೃತ ಪದವು ಅಥರ್ವವೇದದ ಮೂರನೆಯ ಕಾಂಡದ ಸೂಕ್ತವೊಂದರಲ್ಲಿ ಆನೆಯ ಕಸುವಿಗೆ ಸಂದಿದ್ದು, ಅದು ತನಗೂ ದೊರೆಯಲೆಂದು ಪ್ರಾರ್ಥಿಸುವವನು ಬೇಡುತ್ತಾನೆ. ಎಂದರೆ ವರ್ಚಸ್ಸು ಆಗ ದೇಹದಲ್ಲೇ ನೆಲೆಸಿದ ಕಾಂತಿಯಾಗಿತ್ತು. ಆಡುಮಾತಿನ ‘ಕಳೆ’ಯೂ, ಅರಸುತನ ಮುಖದಲ್ಲೇ ಕಾಣುತ್ತದೆಂಬ ನಂಬಿಕೆಯಿಂದ ಬಂದ ‘ರಾಜಕಳೆ’ಯೂ ಈ ಹಳೆಯ ಅರ್ಥಕ್ಕೇ ಹತ್ತಿರ.

ಆದರೆ ಕಾಂತಿ ಒಬ್ಬನದಾದರೂ ಅದಕ್ಕೆ ಬೆಲೆ ತೆರುವವರು ಬೇರೆಯವರೆಂಬುದಕ್ಕೆ ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬಳಿಯ ಗರುಡಗಂಬ ಸಾಕ್ಷಿಯಾಗಿದೆ. ಒಡೆಯನ ಸಾವಿನ ನಂತರ ಬದುಕಿರಬಾರದೆಂದು ಪ್ರತಿಜ್ಞೆ ತೊಟ್ಟ ಅಂಗರಕ್ಷಕರಿಗೆ ಗರುಡರೆಂದು ಹೆಸರು. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ಗರುಡನಾಗಿದ್ದ ಕುವರ ಲಕ್ಷ್ಮನು ಮಡದಿಯೊಡನೆಯೂ ತನ್ನ ವೀರರೊಡನೆಯೂ ಪ್ರಾಣ ಬಿಟ್ಟುದನ್ನು ಆ ಕಂಬದ ಶಾಸನ ಹೇಳುತ್ತದೆ, ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರ ಉಬ್ಬುಚಿತ್ರಗಳೂ ಅಲ್ಲಿವೆ. ಇದನ್ನು ಬರಿಯ ಸ್ವಾಮಿಭಕ್ತಿಯೆಂದು ಕೊಂಡಾಡುವುದು ರೂಢಿಯಾದರೂ, ಸಾಯುವುದನ್ನೂ ಮೊದಲೇ ಗೊತ್ತುಪಡಿಸಿದ ಕಟ್ಟಳೆ ಅದಾಗಿತ್ತೆಂಬುದನ್ನು ಮರೆಯಲಾಗದು.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್, ದೈವಾನುಗ್ರಹದ ವರವನ್ನು ಸೂಚಿಸುವ ಗ್ರೀಕ್ ಮೂಲದ ‘ಕರಿಸ್ಮಾ’ ಪದವನ್ನು ಚರ್ಚಿನ ಇತಿಹಾಸದಿಂದ ಎತ್ತಿಕೊಂಡು ರಾಜಕೀಯಕ್ಕೆ ತಂದಾಗ ಹೇಳಿದ್ದು ಇದನ್ನೇ: ಅನುಯಾಯಿಗಳು ಒಪ್ಪುವ ತನಕ ಮಾತ್ರ ಆ ಶಕ್ತಿ ಉಂಟು, ಕಾಲಾಂತರದಲ್ಲಿ ಅದು ಕಟ್ಟಳೆಯೋ ವಂಶದ ಸೊತ್ತೋ ಆಗಿಬಿಡುತ್ತದೆ. ಕನ್ನಡದಲ್ಲಿ ಈ ಕಲ್ಪನೆಗೆ ಒದಗಿದ ‘ವರ್ಚಸ್ಸು’ ಹಾಗೆ ಮುಖದ ಹೊಳಪನ್ನು ಬಿಟ್ಟು ಮತಪೆಟ್ಟಿಗೆಯ ಲೆಕ್ಕಕ್ಕೆ ಬಂದಿತು.

ಆ ಲೆಕ್ಕವನ್ನು ಕಾಣಲು ಹಾಸನ ಜಿಲ್ಲೆಯಷ್ಟು ತಕ್ಕ ನೆಲ ಮತ್ತೊಂದಿಲ್ಲ. ಹಾಸನದ ಹತ್ತಿರದ ಬೂವನಹಳ್ಳಿಯಲ್ಲಿ ಯೋಜಿಸಲಾದ ವಿಮಾನ ನಿಲ್ದಾಣದ ಮಾತು ಬಂದಾಗ ಈಗಲೂ ಮೊದಲು ಕೇಳಿಬರುವುದು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರ ಹೆಸರು. 1962ರಲ್ಲಿ ಪಕ್ಷೇತರರಾಗಿ ಹೊಳೆನರಸೀಪುರದಿಂದ ವಿಧಾನಸಭೆಗೆ ಆಯ್ಕೆಯಾದ ಅವರು 1996ರಲ್ಲಿ ಪ್ರಧಾನಿಯಾದರು. ಆದರೂ 1999ರ ಲೋಕಸಭಾ ಚುನಾವಣೆಯಲ್ಲಿ ಹಾಸನದ ಮತದಾರರೇ ಅವರನ್ನು ಸೋಲಿಸಿದರು, ಮರಳಿ ಲೋಕಸಭೆಗೆ ಹೋಗಲು ಅವರು 2002ರ ಉಪಚುನಾವಣೆಯಲ್ಲಿ ಕನಕಪುರವನ್ನು ಆಶ್ರಯಿಸಬೇಕಾಯಿತು.