ಅಫೀಮಿನ ಲೆಕ್ಕ ಯಾರ ಹೆಸರಿಗೆ?

ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಮೊನ್ನೆ ಆಫೀಸಲ್ಲಿ ಚಹಾ ಕುಡೀತಾ ಒಬ್ಬರು "ನಿಮ್ ಕೇರಿಯವರು ನಶೆಯಿಂದ್ಲೇ ಹಾಳಾದ್ರು ಕಣ್ರೀ" ಅಂದ್ರು. ನಾನು ತೊಗರ್ಸಿ ಕೇರಿಯವನು. ನಮ್ಮ ಮುತ್ತಜ್ಜಿ ಗದ್ದೆ ನಾಟಿಗೆ ಹೋಗುವಾಗ ಕೂಸಿಗೆ ಸಾಸಿವೆಯಷ್ಟು ಅಫೀಮು ನೆಕ್ಕಿಸಿ ಮಲಗಿಸ್ತಿದ್ರಂತೆ, ಅಜ್ಜಿ ಹೇಳ್ತಿದ್ರು. ಕೂಸು ಅಳುತ್ತೆ ಅಂತ ಮನೇಲಿ ಕೂತರೆ ಆ ದಿನದ ಕೂಲಿ ಇಲ್ಲ. ಆ ಅಫೀಮು ಎಲ್ಲಿಂದ ಬರ್ತಿತ್ತು ಅಂತ ಹುಡುಕ್ತಾ ಹೋದೆ.

ಬಾಬಾಸಾಹೇಬರು 1915ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಎಂಎ ಪದವಿಗೆ ಬರೆದದ್ದು ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಮೇಲೆ. ಅದರಲ್ಲಿ ಕಂಪನಿಯ ಆದಾಯದ ಬಾಬ್ತುಗಳಲ್ಲಿ ಭೂಕಂದಾಯ, ಉಪ್ಪಿನ ಜೊತೆಗೇ ಅಫೀಮೂ ಇದೆ. ಬಂಗಾಳದ ಕಡೆ ಸರ್ಕಾರದ್ದೇ ಏಕಸ್ವಾಮ್ಯ. ಬಿಹಾರದ ರೈತ ಮುಂಗಡ ತಗೊಂಡು ಗಸಗಸೆ ಬಿತ್ತಬೇಕು, ಹಾಲನ್ನೆಲ್ಲ ಸರ್ಕಾರಿ ಏಜೆಂಟನಿಗೇ, ಅವನು ಹೇಳಿದ ದರಕ್ಕೇ ಕೊಡಬೇಕು. ಪಾಟ್ನಾ, ಗಾಜಿಪುರದಲ್ಲಿ ಉಂಡೆ ಕಟ್ಟಿ ಕಲ್ಕತ್ತೆಯಲ್ಲಿ ಹರಾಜು. ಅಲ್ಲಿಂದ ಚೀನಾಕ್ಕೆ. ಚೀನಾ ಬೇಡ ಅಂದಾಗ 1839ರಲ್ಲಿ ಯುದ್ಧ! ಮಾಳ್ವದ ಅಫೀಮು ದೇಶೀ ರಾಜರ ಸೀಮೆಯದ್ದು, ಅದಕ್ಕೆ ಮುಂಬೈ ಬಂದರಿಗೆ ಹೋಗೋ ಪಾಸಿನ ಮೇಲೆ ಸುಂಕ. ಬೆಳೆದವನಿಗೆ ಸಿಕ್ಕಿದ್ದು ಸಾಲ.

ನಮ್ಮ ಮೈಸೂರು? 1800ರಲ್ಲಿ ಬುಕಾನನ್ ಕೋಲಾರದ ಕಡೆ ಗಸಗಸೆ ಹೊಲ ನೋಡಿ ಬರೆದಿದ್ದಾನೆ. ಅಂದ್ರೆ ಬೆಳೆ ನಮಗೆ ಹೊಸದಲ್ಲ, ಪಾಯಸ ಕುಡಿದವರಿಗೆ ಗೊತ್ತು. ಆಮೇಲೆ 1831ರ ನಗರ ದಂಗೆಯ ನೆಪ. ನಮ್ಮ ಈ ಶಿಕಾರಿಪುರ, ಸೊರಬ ಸೀಮೆಯೂ ಸೇರಿ ಇಡೀ ರಾಜ್ಯ ಬ್ರಿಟಿಷರ ಕೈಗೆ. ಐವತ್ತು ವರ್ಷ ಬಿಟ್ಟು 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟರಲ್ಲ, ಆ ಹಸ್ತಾಂತರ ಪತ್ರದಲ್ಲೇ ಷರತ್ತು ಹಾಕಿದರು: ಗವರ್ನರ್ ಜನರಲ್ ಬಯಸಿದರೆ ಮೈಸೂರಿನಲ್ಲಿ ಉಪ್ಪು, ಅಫೀಮು ತಯಾರಿಕೆ, ಗಸಗಸೆ ಬೆಳೆ ನಿಲ್ಲಿಸಬೇಕು ಇಲ್ಲವೇ ಹತೋಟಿಯಲ್ಲಿಡಬೇಕು. ಆಮದು ರಫ್ತಿಗೂ ಅವರದೇ ಕಾನೂನು. ರಾಜನಿಗೆ ಸಿಂಹಾಸನ ಸಿಕ್ಕಿತು, ಗಸಗಸೆ ಗಿಡದ ಮೇಲೆ ಹಕ್ಕು ಸಿಗಲಿಲ್ಲ ನೋಡಿ.

ಇದು ಜನರ ಆರೋಗ್ಯದ ಕಾಳಜಿ ಅಂತ ಯಾರೂ ತಿಳ್ಕೋಬೇಡಿ. ಅಫೀಮು ಮಾರೋದನ್ನ ನಿಲ್ಲಿಸಲಿಲ್ಲ, ಲೈಸೆನ್ಸ್ ಅಂಗಡಿಯಲ್ಲಿ ಮಾರಿ ಅಬಕಾರಿ ಆದಾಯ ಬರೆದುಕೊಂಡರು. ಬೆಳೆದರೆ ಅಪರಾಧ, ಕೊಂಡರೆ ಖಜಾನೆಗೆ ಕಾಸು. ಚೀನಾ ಜೊತೆ 1907ರಲ್ಲಿ ರಫ್ತು ವರ್ಷವರ್ಷ ಇಳಿಸ್ತೀವಿ ಅಂತ ಒಪ್ಪಂದ ಆಯ್ತು, 1912ರಲ್ಲಿ ಹೇಗ್ ಒಡಂಬಡಿಕೆಯೂ ಆಯ್ತು. ಆ ಮೇಜುಗಳ ಸುತ್ತ ಕೂತವರಲ್ಲಿ ಕೂಸು ಮಲಗಿಸಿ ನಾಟಿಗೆ ಹೋದವಳು ಒಬ್ಬಳೂ ಇರಲಿಲ್ಲ.

ಮರುದಿನ ಚಹಾ ಹೊತ್ತಲ್ಲಿ ಇದನ್ನೆಲ್ಲ ಅವರಿಗೆ ಹೇಳಿದೆ. "ಅಷ್ಟೆಲ್ಲ ಯಾಕ್ರೀ, ನಾನು ಸುಮ್ನೆ ಅಂದೆ" ಅಂದ್ರು. ನಾನು ಸುಮ್ನೆ ಇರಲಿಲ್ಲ. ನಮ್ಮಜ್ಜಿಯ ಅವ್ವ ಸಾಸಿವೆಯಷ್ಟಕ್ಕೆ ಕೊಟ್ಟ ಕಾಸು ಯಾವ ಖಜಾನೆ ಸೇರಿತು ಅಂತ ಕೇಳಿದೆ.