ಆಯಿಯ ವಯಸ್ಸು, ಲೋಣಾರದ ವಯಸ್ಸು

ನಮ್ಮ ಆಯಿಗೆ ತನ್ನ ವಯಸ್ಸು ಗೊತ್ತಿರಲಿಲ್ಲ. ಕೇಳಿದರೆ, "ರಜಾಕಾರರ ಗದ್ಲದಾಗ ನಿಮ್ಮಪ್ಪ ನನ್ನ ಬಗಲಾಗಿದ್ದ ನೋಡವ್ವಾ. ಅದರ ಮ್ಯಾಲಿಂದ ನೀನೇ ಲೆಕ್ಕಾ ಹಾಕು" ಅನ್ನುತ್ತಿದ್ದಳು. ಆಕೆಯ ಲೆಕ್ಕದಲ್ಲಿ ಇಸವಿಗಳೇ ಇರಲಿಲ್ಲ. ರಜಾಕಾರರ ಗದ್ದಲ, ದೊಡ್ಡ ಬರ, ಕಿಲ್ಲಾರಿ ಭೂಕಂಪ, ಇವೇ ಆಕೆಯ ಗೂಟಗಳು. ಮನೆಯ ಮದುವೆ, ಬಾಣಂತನ, ಸಾವುಗಳನ್ನೆಲ್ಲ ಆ ಗೂಟಗಳಿಗೇ ಕಟ್ಟಿ ನೆನಪಿಡುತ್ತಿದ್ದಳು.

1996ರಲ್ಲಿ ಆಕೆಗಾಗಿ ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದೆವು. ಅರವತ್ತೈದು ತುಂಬಿರಬೇಕೆಂಬುದು ನಿಯಮ. ಹೊಲದಲ್ಲಿ ದುಡಿದು ಗಟ್ಟಿಮುಟ್ಟಾಗಿದ್ದ ಆಯಿಯನ್ನು ಗುಮಾಸ್ತರೊಬ್ಬರು ಒಮ್ಮೆ ಕಣ್ಣೆತ್ತಿ ನೋಡಿ "ಐವತ್ತೈದು" ಎಂದು ಬರೆದುಬಿಟ್ಟರು. ಆ ಒಂದು ಸಂಖ್ಯೆಯನ್ನು ಅಳಿಸಲು ನಾವು ಎರಡು ವರ್ಷ ಅಲೆದೆವು. ಕೊನೆಗೆ ಕೆಲಸ ಮಾಡಿದ್ದು ಅಪ್ಪನ ಶಾಲೆಯ ದಾಖಲೆ. ಅದರಲ್ಲಿ ಆತ ಹುಟ್ಟಿದ್ದು 1946. ಅಂದರೆ ಅರ್ಜಿ ಹಾಕಿದಾಗ ಮಗನಿಗೆ ಐವತ್ತು, ತಾಯಿಗೆ ಐವತ್ತೈದು! ಅದರ ಮೇಲೆ ಅಪ್ಪನಿಗಿಂತ ಮೊದಲು ಎರಡು ಹೆಣ್ಣುಮಕ್ಕಳು ಬೇರೆ. ಸಾಹೇಬರು ನಕ್ಕು ಎಪ್ಪತ್ತು ಎಂದು ತಿದ್ದಿದರು.

ಮುಖ ನೋಡಿ ವಯಸ್ಸು ಹೇಳಬಾರದು ಎಂದು ನಾನು ಕಲಿತದ್ದು ಆಗ. ಈ ಮಾತು ಕಲ್ಲಿಗೂ ಸಲ್ಲುತ್ತದೆ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ.

ನನ್ನ ತವರು ಅಫಜಲಪುರ, ಕೊಟ್ಟ ಮನೆ ಆಳಂದ, ಸೋದರಮಾವನ ಊರು ಜೇವರ್ಗಿ. ತವರಿನಲ್ಲೂ ಗಂಡನ ಮನೆಯಲ್ಲೂ ಬಾವಿ ತೋಡಿದರೆ ಸಿಗುವುದು ಕರಿಕಲ್ಲು. ಜೋಳ ಬೆಳೆಯುವ ನಮ್ಮ ಎರೆಮಣ್ಣು ಅದೇ ಕಲ್ಲು ಸವೆದು ಆದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು, ಪದರದ ಮೇಲೆ ಪದರವಾಗಿ ಹರಿದ ಲಾವಾರಸ ಆರಿ ಆ ಕಲ್ಲಾಯಿತು. ಬಸಾಲ್ಟ್ ಅನ್ನುತ್ತಾರೆ. ಜೇವರ್ಗಿಯ ಕಡೆ ಹೋದರೆ ಶಹಾಬಾದಿ ಫರಸಿಯ ಜಾತಿಯ ಸುಣ್ಣದ ಕಲ್ಲು ಕಾಣಿಸುತ್ತದೆ. ಲಾವಾ ಹರಿದು ಬಂದದ್ದು ಈ ಸುಣ್ಣದ ಕಲ್ಲಿನ ಮೇಲೆ. ಹಾಗಾಗಿ ಕೆಳಗಿನದು ಹಿರಿಯದು, ಮೇಲಿನದು ಕಿರಿಯದು. ಇದು ಆಯಿಯ ಲೆಕ್ಕವೇ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಿಳಿಯುತ್ತದೆ, ಇಸವಿ ತಿಳಿಯುವುದಿಲ್ಲ.

ಇದೇ ಕರಿಕಲ್ಲಿನ ಹಾಸು ಉತ್ತರಕ್ಕೆ ಮಹಾರಾಷ್ಟ್ರದ ಉದ್ದಕ್ಕೂ ಹರಡಿದೆ. ಅಲ್ಲಿ ಬುಲಢಾಣಾ ಜಿಲ್ಲೆಯ ಲೋಣಾರದಲ್ಲಿ ಈ ಹಾಸಿಗೆ ಒಂದು ತೂತು ಬಿದ್ದಿದೆ. 2019ರ ಚಳಿಗಾಲದಲ್ಲಿ ಉಮರ್ಗಾ, ಲಾತೂರು ದಾಟಿ ನಾವು ಅದನ್ನು ನೋಡಲು ಹೋದೆವು. ಸಪಾಟು ನೆಲದಲ್ಲಿ ನಡೆಯುತ್ತ ಸ್ವಲ್ಪ ದಿಬ್ಬ ಏರಿದರೆ, ಕಾಲ ಬುಡದಲ್ಲೇ ಸುಮಾರು 1.8 ಕಿಲೋಮೀಟರ್ ಅಗಲದ ಗುಂಡನೆಯ ಬೋಗುಣಿ! ತಳದಲ್ಲಿ ಉಪ್ಪುಪ್ಪಾದ ಹಸಿರು ನೀರು, ಸುತ್ತ ಕಾಡು, ಹಳೆಯ ಗುಡಿಗಳು. ವಿಷ್ಣು ಲವಣಾಸುರನನ್ನು ಕೊಂದ ಸ್ಥಳ ಎಂದು ಊರವರ ನಂಬಿಕೆ. ಊರೊಳಗೆ ದೈತ್ಯಸೂದನ ಗುಡಿಯೂ ಇದೆ.

1823ರಲ್ಲಿ ಅಲೆಕ್ಸಾಂಡರ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು ಕಂಡು ಬರೆದ. ಸುತ್ತಲೂ ಲಾವಾದ ಕಲ್ಲೇ ಇದ್ದುದರಿಂದ ಇದು ಜ್ವಾಲಾಮುಖಿಯ ಬಾಯಿ ಎಂದು ಬಹುಕಾಲ ತಿಳಿದಿದ್ದರು. ಮುಖ ನೋಡಿ ಹೇಳಿದ ಮಾತು ಅದು. ಆಮೇಲೆ ತಳವನ್ನು ಕೊರೆದು, ಅಂಚನ್ನು ಅಗೆದು ಕಲ್ಲು ತೆಗೆದರು. ಭಾರಿ ಪೆಟ್ಟು ಬಿದ್ದಾಗ ಮಾತ್ರ ಆಗುವ ಮ್ಯಾಸ್ಕೆಲಿನೈಟ್ ಎಂಬ ಗಾಜು ಅದರಲ್ಲಿ ಸಿಕ್ಕಿತು. ಇದು ಆಕಾಶದಿಂದ ಬಂದು ಅಪ್ಪಳಿಸಿದ ಉಲ್ಕೆ ಮಾಡಿದ ಕುಳಿ ಎಂದು 1973ರಲ್ಲಿ ಭಾರತ ಮತ್ತು ಅಮೆರಿಕದ ವಿಜ್ಞಾನಿಗಳು ಸಾರಿದರು. ಬಸಾಲ್ಟ್ ಕಲ್ಲಿನಲ್ಲಿ ಆದ ಇಂಥ ಕುಳಿ ಭೂಮಿಯ ಮೇಲೆ ಆಗ ಗೊತ್ತಿದ್ದುದು ಇದೊಂದೇ. ಚಂದ್ರನ ಮೇಲೆ ನಮಗೆ ಕಾಣುವ ಕಪ್ಪು ಕಲೆಗಳೂ ಬಸಾಲ್ಟಿನವೇ. ಅಪೋಲೊ ಯಾತ್ರಿಗಳು ಅಲ್ಲಿಂದ ತಂದ ಮಣಿಗಳಂಥ ಗಾಜಿನ ಹನಿಗಳು ಲೋಣಾರದಲ್ಲೂ ಸಿಕ್ಕವು. ನಮ್ಮ ಎರೆಭೂಮಿಗೂ ಚಂದಪ್ಪನಿಗೂ ಹೀಗೊಂದು ಬಳಗ.

ಆದರೆ ವಯಸ್ಸು? ಕುಳಿಯ ಗಾಜನ್ನು ಕಾಯಿಸಿ, ಅದು ಸೂಸುವ ಬೆಳಕನ್ನು ಅಳೆದು, 1997ರಲ್ಲಿ ಸುಮಾರು 52 ಸಾವಿರ ವರ್ಷ ಎಂದರು. ಪುಸ್ತಕಗಳಲ್ಲೆಲ್ಲ ಅದೇ ಅಚ್ಚಾಯಿತು. 2011ರಲ್ಲಿ ಇನ್ನೊಂದು ತಂಡ ಆರ್ಗಾನ್ ಲೆಕ್ಕ ಹಾಕಿ 5 ಲಕ್ಷ 70 ಸಾವಿರ ವರ್ಷ ಎಂದಿತು. ಹತ್ತು ಪಟ್ಟಿಗೂ ಹೆಚ್ಚು!

ಆರ್ಗಾನ್ ಲೆಕ್ಕ ಹೆಂಗಸರಿಗೆ ಕಷ್ಟವಲ್ಲ. ಸಾಸಿವೆ ಡಬ್ಬಿಯಲ್ಲಿ ತಿಂಗಳಿಗೊಂದು ರೂಪಾಯಿ ಹಾಕುತ್ತ ಹೋದರೆ, ಒಂದು ದಿನ ಡಬ್ಬಿ ಸುರಿದು ಎಣಿಸಿ, ಎಷ್ಟು ತಿಂಗಳಾಯಿತೆಂದು ಹೇಳಬಹುದಲ್ಲ? ಕಲ್ಲಿನೊಳಗಿನ ಒಂದು ಬಗೆಯ ಪೊಟ್ಯಾಸಿಯಂ ಬಲು ನಿಧಾನವಾಗಿ ಆರ್ಗಾನ್ ಅನಿಲವಾಗುತ್ತ ಒಳಗೇ ಕೂಡುತ್ತದೆ. ಕಲ್ಲು ಕರಗಿದರೆ ಅನಿಲ ಹಾರಿಹೋಗಿ ಡಬ್ಬಿ ಖಾಲಿ. ಎಣಿಕೆ ಮತ್ತೆ ಸೊನ್ನೆಯಿಂದ. ಲೋಣಾರದಲ್ಲಿ ಕಲ್ಲು ಕರಗಿದ ಕ್ಷಣದಲ್ಲಿ ಡಬ್ಬಿ ಪೂರ್ತಿ ಬರಿದಾಗಿರಲಿಲ್ಲ. 6.6 ಕೋಟಿ ವರ್ಷದ ಹಳೆಯ ನಾಣ್ಯಗಳು ಕೆಲವು ತಳದಲ್ಲಿ ಉಳಿದಿದ್ದವು. ಅವನ್ನು ಬೇರೆ ಮಾಡಿ ಎಣಿಸಿದ್ದೇ ಆ ತಂಡದ ಜಾಣತನ.

ಚಂದ್ರನಲ್ಲಿ ಮಳೆಗಾಳಿ ಇಲ್ಲದ್ದರಿಂದ ಬಿದ್ದ ಗಾಯ ಮಾಯುವುದಿಲ್ಲ. ಕುಳಿ ಹೆಚ್ಚಿದ್ದ ನೆಲ ಹಿರಿಯದು, ಕಡಿಮೆ ಇದ್ದದ್ದು ಕಿರಿಯದು. ಇಸವಿ ಬೇಕಾದರೆ ಮಾತ್ರ ಕಲ್ಲು ಕೈಗೆ ಸಿಗಬೇಕು. ಹುಣ್ಣಿಮೆಯ ಚಂದ್ರನ ದಕ್ಷಿಣ ಭಾಗದಲ್ಲಿ ಬೆಳ್ಳಗೆ ಕಿರಣ ಚಾಚಿದ ಟೈಕೊ ಕುಳಿ 85 ಕಿಲೋಮೀಟರ್ ಅಗಲದ್ದು. 1972ರಲ್ಲಿ ಅಪೋಲೊ 17ರವರು ತಂದ ಕಲ್ಲುಗಳಿಂದ ಅದಕ್ಕೆ ಸುಮಾರು 10.8 ಕೋಟಿ ವರ್ಷ ಎಂದು ಅಂದಾಜು ಮಾಡಿದ್ದಾರೆ. ಅವರು ಇಳಿದದ್ದು ಟೈಕೊದಿಂದ ಬಹಳ ದೂರ. ಅಲ್ಲಿಂದ ಸಿಡಿದು ಬಂದ ಕಲ್ಲುಗಳು ಬಡಿದು ಗುಡ್ಡ ಕುಸಿದಿರಬೇಕು ಎಂಬ ಊಹೆಯೇ ಈ ಲೆಕ್ಕಕ್ಕೆ ಆಧಾರ. ಮಗನ ದಾಖಲೆಯಿಂದ ತಾಯಿಯ ವಯಸ್ಸು ತೆಗೆದ ಹಾಗೆ!

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಲೋಣಾರದ 5 ಲಕ್ಷ 70 ಸಾವಿರದ ಪಕ್ಕದಲ್ಲೇ ಆ ವಿಜ್ಞಾನಿಗಳು "47 ಸಾವಿರ ಹೆಚ್ಚುಕಡಿಮೆ" ಎಂದೂ ಬರೆದಿದ್ದಾರೆ. ನಮ್ಮ ಗುಮಾಸ್ತರ ಐವತ್ತೈದರ ಪಕ್ಕದಲ್ಲಿ ಅಂಥದ್ದೇನೂ ಇರಲಿಲ್ಲ.

1998ರಲ್ಲಿ ಅಂಚೆಯವನು ಮೊದಲ ಸಲ ಮನಿಯಾರ್ಡರು ತಂದಾಗ ಆಯಿ ಹೆಬ್ಬೆಟ್ಟು ಒತ್ತಿ, "ಎಷ್ಟಂತ ಬರದಾರ ನನ್ನ ವಯಸ್ಸು?" ಎಂದು ಕೇಳಿದಳು. ಎಪ್ಪತ್ತು ಎಂದೆ.

"ಇರಬೇಕು ತಗೋ. ಒಂದೆರಡು ಹೆಚ್ಚು, ಇಲ್ಲಾ ಒಂದೆರಡು ಕಮ್ಮಿ" ಎಂದು ನೋಟುಗಳನ್ನು ಮಡಿಚಿ ಸಾಸಿವೆ ಡಬ್ಬಿಗೆ ಹಾಕಿದಳು.